ಒಂದು ಜೊತೆ ಸ್ಕೀ, ಹಲವು ಬಗೆಯ ಹಿಮ

ಮಂಜುಗಡ್ಡೆಯನ್ನು ಷರಬತ್ತಿನ ಲೋಟದಲ್ಲಲ್ಲದೆ ಬೇರೆಡೆ ಕಾಣದ ನಮ್ಮ ಸೀಮೆಯ ಮನೆಗಳಿಗೆ ಸ್ಕೀಯ ವಿಚಾರವೇಕೆಂದು ಕೆಲವರು ಕೇಳಬಹುದು. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಎಂಬ ತರುಣಿಯು ಕಾಶ್ಮೀರದ ಗುಲ್‌ಮರ್ಗಿನಲ್ಲಿ ನಡೆದ ಖೇಲೋ ಇಂಡಿಯಾ ಚಳಿಗಾಲದ ಕ್ರೀಡೆಗಳಲ್ಲಿ ಕರ್ನಾಟಕಕ್ಕೆ ಚಿನ್ನದ ಪದಕಗಳನ್ನು ಗಳಿಸಿಕೊಟ್ಟ ಮೇಲೆ ಈ ಪ್ರಶ್ನೆಗೆ ಅವಕಾಶವು ಕಡಮೆ. ಇದಲ್ಲದೆ ಉದ್ಯೋಗನಿಮಿತ್ತವಾಗಿ ಕೆನಡಾ, ಅಮೆರಿಕ, ಸ್ವಿಟ್ಸರ್ಲೆಂಡುಗಳಲ್ಲಿ ನೆಲಸಿದ ನಮ್ಮ ಮಕ್ಕಳಲ್ಲಿ ಅನೇಕರು ಈ ಆಟವನ್ನು ಕಲಿತಿರುವರು. ಅವರು ಕೊಳ್ಳುವ ಸಾಮಗ್ರಿಯ ವಿಚಾರದಲ್ಲಿ ಹಣ ಮಾತ್ರವಲ್ಲ, ಕೈಕಾಲುಗಳೂ ಪಣದಲ್ಲಿರುವುದರಿಂದ ಹಿರಿಯರು ಇಷ್ಟನ್ನಾದರೂ ತಿಳಿದಿರುವುದು ಒಳ್ಳೆಯದು.

ಭವಾನಿಯವರು ಬಳಸುವ ಸ್ಕೀ ದೂರದ ಓಟಕ್ಕೆ ತಕ್ಕ ಕಿರಿದಾದ ಹಲಗೆ. ಅದರಲ್ಲಿ ಬೂಟಿನ ಮುಂಭಾಗವನ್ನು ಮಾತ್ರ ಬಿಗಿದು ಹಿಮ್ಮಡಿಯನ್ನು ಸಡಿಲವಾಗಿ ಬಿಟ್ಟಿರುವುದು. ನಾವು ಇಲ್ಲಿ ಹೇಳಹೊರಟಿರುವುದು ಹಿಮ್ಮಡಿಯನ್ನೂ ಬಿಗಿದು ಬೆಟ್ಟದ ಇಳಿಜಾರಿನಲ್ಲಿ ಜಾರುವ ಸ್ಕೀಯ ವಿಷಯವನ್ನು. ಕೆಲವು ವರ್ಷಗಳ ಅಭ್ಯಾಸದಿಂದ ನುರಿತವರು ಸಾಮಾನ್ಯವಾಗಿ ಒಂದು ಆಸೆಯನ್ನು ಹೊಂದುವರು: ದಿಬ್ಬಗಳಿಂದ ಹಾರಿ ಗಾಳಿಯಲ್ಲಿ ತಿರುಗುವುದಕ್ಕೂ, ಗಟ್ಟಿಯಾದ ದಾರಿಯಲ್ಲಿ ವೇಗವಾಗಿ ಇಳಿಯುವುದಕ್ಕೂ, ಮೊಳಕಾಲುದ್ದದ ಹೊಸ ಹಿಮದಲ್ಲಿ ತೇಲುವುದಕ್ಕೂ ಒಂದೇ ಜೊತೆ ಸಾಕಾಗಬೇಕೆಂಬುದು.

ಈ ಆಸೆಯು ಹುಟ್ಟಿದ್ದೇ ಇತ್ತೀಚೆಗೆ. ೧೯೯೩ರಲ್ಲಿ ಎಲಾನ್ ಎಂಬ ಸ್ಲೊವೇನಿಯದ ಕಾರ್ಖಾನೆಯವರು ನಡು ಸಣ್ಣದಾಗಿ ತುದಿಗಳು ಅಗಲವಾದ ಸ್ಕೀಯನ್ನು ಹೊರತಂದರು. ಅದನ್ನು ಓರೆಮಾಡಿದೊಡನೆ ತಾನಾಗಿಯೇ ತಿರುಗುತ್ತಿದ್ದಿತು. ೧೯೯೮ರಲ್ಲಿ ಮೈಕ್ ಡಗ್ಲಸ್ ಮೊದಲಾದ ಕೆನಡಾದ ತರುಣರ ಸಲಹೆಯಂತೆ ಸಾಲೊಮನ್ ಕಂಪನಿಯು ಹಿಂತುದಿಯೂ ಮುಂತುದಿಯಂತೆಯೇ ಮೇಲಕ್ಕೆ ಬಾಗಿದ ಸ್ಕೀಯನ್ನು ಮಾಡಿತು. ಇದರಿಂದ ಹಾರಿದವನು ಹಿಮ್ಮುಖನಾಗಿ ಇಳಿದರೂ ಮುಂದೆ ಜಾರಬಹುದಾಯಿತು. ೨೦೦೨ರಲ್ಲಿ ಶೇನ್ ಮೆಕ್‌ಕಾಂಕಿಯ ಕಲ್ಪನೆಯಂತೆ ತಯಾರಾದ ವೊಲಾಂಟ್ ಕಂಪನಿಯ ಸ್ಕೀಯು ದೋಣಿಯ ತಳದಂತೆ ಬಾಗಿ, ಪುಡಿಹಿಮದ ಮೇಲೆ ತೇಲುವ ಉಪಾಯವನ್ನು ತೋರಿಸಿತು. ಇಂದಿನ ಸರ್ವೋಪಯೋಗಿ ಸ್ಕೀಯು ಈ ಮೂರರ ಸಂತಾನವೆಂದು ಹೇಳಬಹುದು.

ಆದರೆ ನಮ್ಮ ಗೃಹಿಣಿಯರು ತುರಿಮಣೆ ಸೇರಿದ ಈಳಿಗೆಯನ್ನು ಬಲ್ಲರಷ್ಟೆ. ಅದು ತರಕಾರಿಯನ್ನೂ ಹೆಚ್ಚುವುದು, ತೆಂಗಿನಕಾಯಿಯನ್ನೂ ತುರಿಯುವುದು. ಆದರೆ ಮದುವೆಯ ಮನೆಯಲ್ಲಿ ನೂರು ಕಾಯಿ ತುರಿಯಬೇಕಾದಾಗ ಬೇರೆ ತುರಿಮಣೆಯನ್ನೇ ಹುಡುಕುವರು. ಸ್ಕೀಯ ವಿಚಾರವೂ ಹೀಗೆಯೇ. ಎಲ್ಲವನ್ನೂ ಮಾಡುವ ಜೊತೆಯು ಪ್ರತಿಯೊಂದನ್ನೂ ಸ್ವಲ್ಪ ಕಡಮೆಯಾಗಿಯೇ ಮಾಡುವುದು. ಆದಕಾರಣ “ಯಾವುದು ಉತ್ತಮ?” ಎಂದು ಕೇಳುವುದಕ್ಕೆ ಮೊದಲು “ನಮ್ಮ ಹತ್ತು ದಿನಗಳಲ್ಲಿ ಏಳು ದಿನ ಯಾವ ಹಿಮದ ಮೇಲೆ ಕಳೆಯುವೆವು?” ಎಂದು ಕೇಳಿಕೊಳ್ಳತಕ್ಕದ್ದು.

ಮೊದಲು ನೋಡಬೇಕಾದುದು ನಡುವಿನ ಅಗಲ. ಆಲ್ಪ್ಸ್ ಪರ್ವತಗಳಲ್ಲಿ ಯಂತ್ರಗಳಿಂದ ಒತ್ತಿ ಸಮಮಾಡಿದ ಗಟ್ಟಿ ದಾರಿಗಳೇ ಹೆಚ್ಚು. ಅಲ್ಲಿ ೮೫ರಿಂದ ೯೫ ಮಿಲಿಮೀಟರು ಅಗಲವು ಚುರುಕಾಗಿ ಅಂಚು ಹಿಡಿಯುವುದು. ಗುಲ್‌ಮರ್ಗಿನ ಸ್ಥಿತಿಯು ಬೇರೆ. ಸುಮಾರು ೨,೬೫೦ ಮೀಟರು ಎತ್ತರದ ಆ ಊರಿನಿಂದ ೧೯೯೮ರಲ್ಲಿ ಒಂದು, ೨೦೦೫ರಲ್ಲಿ ಎರಡು ಎಂಬಂತೆ ಎರಡು ಹಂತಗಳಲ್ಲಿ ಏರ್ಪಟ್ಟ ತಂತಿತೊಟ್ಟಿಲು ಜನರನ್ನು ಅಫರ್ವತ್ ಶಿಖರದ ಹೆಗಲಿಗೆ, ೩,೯೦೦ ಮೀಟರಿಗೂ ಮೇಲಕ್ಕೆ ಒಯ್ಯುವುದು. ಅಲ್ಲಿಂದ ಕೆಳಕ್ಕೆ ಬಹುಪಾಲು ಯಂತ್ರವು ಮುಟ್ಟದ ಹಿಮವೇ. ಅಲ್ಲಿಗೆ ೧೦೦ ಮಿಲಿಮೀಟರು ಅಥವಾ ಅದಕ್ಕಿಂತ ತುಸು ಹೆಚ್ಚಿನ ಅಗಲವು ಯುಕ್ತವು.

ಎರಡನೆಯದು ಬಾಗು. ನೆಲದ ಮೇಲಿಟ್ಟಾಗ ನಡುಭಾಗವು ಬಿಲ್ಲಿನಂತೆ ಮೇಲೆದ್ದಿದ್ದರೆ ಗಟ್ಟಿಹಿಮದಲ್ಲಿ ಹಿಡಿತವೂ, ಹಾರುವಾಗ ಪುಟಿತವೂ ದೊರೆಯುವುವು. ತುದಿಗಳು ದೋಣಿಯ ಮೂತಿಯಂತೆ ಏರಿದ್ದರೆ ಪುಡಿಹಿಮದಲ್ಲಿ ಮುಳುಗುವುದಿಲ್ಲ. ನುರಿತವರಿಗೆ ಇವೆರಡೂ ಕೂಡಿದ ಆಕಾರವೇ ಹೆಚ್ಚು ಉಪಯುಕ್ತ. ಉದ್ದವು ಆಳುದ್ದದ ಆಸುಪಾಸಿನಲ್ಲಿರಲಿ. ತುದಿಗಳು ಬಹಳ ಏರಿದ್ದರೆ ನೆಲಕ್ಕೆ ತಗಲುವ ಅಂಚು ಕಡಮೆಯಾಗುವುದರಿಂದ ಕೆಲವು ಸೆಂಟಿಮೀಟರು ಉದ್ದವಾದುದನ್ನೂ, ಗಾಳಿಯಲ್ಲಿ ತಿರುಗುವ ಆಟವೇ ಮುಖ್ಯವಾದರೆ ಕೊಂಚ ಗಿಡ್ಡನೆಯದನ್ನೂ ಆರಿಸಬಹುದು.

ಮೂರನೆಯದು ಬಿಗುಪು. ಮರದ ತಿರುಳಿನ ಮೇಲೆ ಅಲ್ಯೂಮಿನಿಯಂ ಮಿಶ್ರಲೋಹದ ತಗಡುಗಳನ್ನು ಹಾಕಿದ ಸ್ಕೀ ವೇಗದಲ್ಲಿ ನಡುಗದೆ ಸ್ಥಿರವಾಗಿರುವುದು. ಆದರೆ ಭಾರವಾದುದರಿಂದ ಹಾರಾಟದಲ್ಲಿ ಆಯಾಸಕರ. ಗಾಜಿನ ನಾರನ್ನು ಮಾತ್ರ ಹೊದಿಸಿದುದು ಹಗುರ, ಪುಟಿಯುವ ಗುಣವುಳ್ಳದ್ದು. ಇದರೊಡನೆ ಬೂಟು ನಿಲ್ಲುವ ಸ್ಥಳವನ್ನೂ ಗಮನಿಸಬೇಕು: ಹಾರುವವರಿಗೆ ಅದು ಸ್ಕೀಯ ನಟ್ಟನಡುವಿಗೆ ಸಮೀಪವಾಗಿಯೂ, ಬೆಟ್ಟವೆಲ್ಲ ಇಳಿಯುವವರಿಗೆ ಕೆಲವು ಸೆಂಟಿಮೀಟರು ಹಿಂದಕ್ಕೂ ಇರುವುದು ರೂಢಿ.

ಇಷ್ಟಾದ ಮೇಲೂ ಬಹುಮುಖ್ಯವಾದ ಮಾತೊಂದು ಉಳಿದಿದೆ. ಬೂಟನ್ನು ಹಲಗೆಗೆ ಬಿಗಿಯುವ ಬೈಂಡಿಂಗ್ ಎಂಬ ಸಾಧನವು ಬಿದ್ದಾಗ ಬಿಟ್ಟುಕೊಳ್ಳಬೇಕು; ಬಿಡದಿದ್ದರೆ ಕಾಲಿನ ಮೂಳೆಯೇ ಮುರಿಯಬಹುದು. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಜಾರುವ ರೀತಿ ಇವುಗಳನ್ನು ನೋಡಿ ಅದರ ಬಿಗಿಯನ್ನು ಗೊತ್ತುಮಾಡತಕ್ಕದ್ದು ಕುಶಲನಾದ ಕೆಲಸಗಾರನ ಕೆಲಸ. “ನಾನು ಗಟ್ಟಿಗ” ಎಂಬ ಜಂಬದಿಂದ ತಾನೇ ಬಿಗಿಮಾಡಿಕೊಳ್ಳುವುದು ಶುದ್ಧ ಅವಿವೇಕ. ಹಣವು ಮಿತವಾಗಿದ್ದರೆ ಮೊದಲು ಕಾಲಿಗೆ ಸರಿಯಾಗಿ ಕೂಡುವ ಬೂಟನ್ನು ಕೊಂಡು, ಸ್ಕೀಯನ್ನು ಬಾಡಿಗೆಗೆ ಪಡೆದು ಎರಡು ಮೂರು ಬಗೆಗಳನ್ನು ಪರೀಕ್ಷಿಸಿ, ಕಡೆಗೆ ಹಿಂದಿನ ವರ್ಷದ ಮಾದರಿಯನ್ನು ಅಗ್ಗವಾಗಿ ಕೊಳ್ಳುವುದು ಜಾಣತನ.

ಅಗಲವಾದ ಸ್ಕೀ ಕಾಲಿಗೆ ಬಂದೊಡನೆ ಗುರುತಿಲ್ಲದ ಇಳಿಜಾರುಗಳು ಕೈಬೀಸಿ ಕರೆಯುವಂತೆ ತೋರುವುದು. ಅಪಾಯವಿರುವುದು ಇಲ್ಲಿಯೇ. ೨೦೨೩ರ ಫೆಬ್ರವರಿಯಲ್ಲಿ ಅಫರ್ವತ್‌ನ ಹಿಮಕುಸಿತದಲ್ಲಿ ಪೋಲೆಂಡಿನ ಇಬ್ಬರೂ, ೨೦೨೪ರ ಫೆಬ್ರವರಿಯಲ್ಲಿ ಗುಲ್‌ಮರ್ಗಿನಲ್ಲಿಯೇ ರಷ್ಯದ ಒಬ್ಬರೂ ಅಸುನೀಗಿದರು. ಕುಸಿಯುವ ಬೆಟ್ಟದ ಮುಂದೆ ಯಾವ ಹಲಗೆಯೂ ರಕ್ಷಕನಲ್ಲ. ಹೂತುಹೋದವರನ್ನು ಪತ್ತೆಮಾಡುವ ಸಂಕೇತಯಂತ್ರ, ಚುಚ್ಚಿ ನೋಡುವ ಕೋಲು, ಸಲಿಕೆ, ಇವುಗಳನ್ನು ಬಳಸಲು ಬಲ್ಲ ಸಂಗಡಿಗರು, ಸ್ಥಳವನ್ನರಿತ ಮಾರ್ಗದರ್ಶಿ, ಇವಿಷ್ಟೂ ಇಲ್ಲದೆ ಆ ಕಡೆಗೆ ಹೋಗಲಾಗದು.

ಆದುದರಿಂದ ದೂರದೇಶದಲ್ಲಿರುವ ಮಗನೋ ಮಗಳೋ ಹೊಸ ಸ್ಕೀ ಕೊಂಡೆವೆಂದು ಸಂತೋಷದಿಂದ ತಿಳಿಸಿದಾಗ, ಬೆಲೆಯೆಷ್ಟೆಂದು ಕೇಳುವುದಕ್ಕೆ ಮುಂಚೆ ಬೈಂಡಿಂಗನ್ನು ಯಾರು ಸರಿಮಾಡಿದರು, ಬೆಟ್ಟಕ್ಕೆ ಜೊತೆಯಲ್ಲಿ ಯಾರು ಬರುವರು ಎಂದು ಕೇಳಿರಿ. ಹಿಮವನ್ನೇ ಕಾಣದ ಹಿರಿಯರ ಬಾಯಿಂದ ಬಂದ ಆ ಎರಡು ಪ್ರಶ್ನೆಗಳು ಮಕ್ಕಳಿಗೆ ಹಲಗೆಗಿಂತಲೂ ಹೆಚ್ಚಿನ ಆಸರೆಯಾಗುವುವೆಂದು ನಾವು ನಂಬುವೆವು.