ಆಟದ ಯಂತ್ರ ಕೆಟ್ಟಾಗ: ದೋಷವನ್ನು ಹುಡುಕುವ ಬಗೆ

ಮನೆಯಲ್ಲಿ ಒಂದು ವಸ್ತು ಕೆಟ್ಟಿತೆಂದರೆ ಮೊದಲು ಹುಟ್ಟುವ ಪ್ರಶ್ನೆ ‘ಏನು ಕೆಟ್ಟಿತು?’ ಎಂಬುದಲ್ಲ, ‘ಯಾರು ಕೆಡಿಸಿದರು?’ ಎಂಬುದು. ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ೧೯೯೭ರ ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ಕೊಂಡುತಂದ ಟಿ.ವಿ. ಆಟದ ಯಂತ್ರವು ಕೆಲವೇ ತಿಂಗಳುಗಳಲ್ಲಿ ನಿಂತುಹೋಯಿತು. ಕೊನೆಯದಾಗಿ ಆಡಿದವನು ಕಿರಿಯ ಮಗನಾದ್ದರಿಂದ ತಪ್ಪು ಅವನದೇ ಎಂದು ತೀರ್ಮಾನಿಸಿ ಗದರಿದೆವು. ‘ನಾನೇನೂ ಮಾಡಲಿಲ್ಲ’ ಎಂದು ಅವನು ಅತ್ತದ್ದು ನಮ್ಮ ಕಿವಿಗೆ ಬೀಳಲಿಲ್ಲ. ಯಂತ್ರವು ಅಟ್ಟ ಸೇರಿತು.

ಕಳೆದ ದೀಪಾವಳಿಗೆ ಆ ಮಗನು ತನ್ನ ಮಗಳೊಡನೆ ಊರಿಗೆ ಬಂದಿದ್ದಾಗ, ಅಟ್ಟವನ್ನು ಶುಚಿಗೊಳಿಸುವ ಸಂದರ್ಭದಲ್ಲಿ ಆ ಪೆಟ್ಟಿಗೆ ಕೆಳಗಿಳಿಯಿತು. ಮೊಮ್ಮಗಳ ಒತ್ತಾಯಕ್ಕೆ ಮಣಿದು ಮೂವರೂ ಕುಳಿತು ಅದನ್ನು ಪರೀಕ್ಷಿಸಿದೆವು. ಅದರಿಂದ ತಿಳಿದುಕೊಂಡದ್ದನ್ನು ಓದುಗ ಕುಟುಂಬಗಳ ಮುಂದಿಡುತ್ತಿದ್ದೇವೆ.

ಜಪಾನಿನ ನಿಂಟೆಂಡೊ ಸಂಸ್ಥೆಯು ೧೯೮೩ರಲ್ಲಿ ‘ಫ್ಯಾಮಿಲಿ ಕಂಪ್ಯೂಟರ್’ ಎಂಬ ಆಟದ ಯಂತ್ರವನ್ನು ಹೊರತಂದಿತು. ೧೯೯೦ರ ದಶಕದಲ್ಲಿ ನಮ್ಮ ಪೇಟೆಗಳಿಗೆ ಅದರ ಅಗ್ಗದ ಅನುಕರಣೆಗಳು ಹೇರಳವಾಗಿ ಬಂದವು. ಇವುಗಳ ರಚನೆ ಸರಳ. ವಿದ್ಯುತ್ ಒದಗಿಸುವ ಅಡಾಪ್ಟರ್, ಮೂಲ ಯಂತ್ರ, ಕೈಯಲ್ಲಿ ಹಿಡಿಯುವ ಗುಂಡಿಗಳ ಹಿಡಿಕೆ, ಆಟದ ಕ್ಯಾಸೆಟ್ ಮತ್ತು ಟಿ.ವಿ.ಗೆ ಹೋಗುವ ತಂತಿ. ಕ್ಯಾಸೆಟ್ ಎಂದು ಕರೆದರೂ ಅದರೊಳಗೆ ಟೇಪು ಇರುವುದಿಲ್ಲ. ಅಂಚಿನಲ್ಲಿ ೬೦ ಲೋಹದ ಪಟ್ಟಿಗಳುಳ್ಳ ಒಂದು ಸಣ್ಣ ಫಲಕವಿರುತ್ತದೆ. ಯಂತ್ರದೊಳಗೆ ತಿರುಗುವ ಭಾಗಗಳಿಲ್ಲ. ಆದುದರಿಂದ ಸವೆಯುವುದೂ ಕೆಡುವುದೂ ಹೆಚ್ಚಾಗಿ ಒಂದು ಭಾಗ ಇನ್ನೊಂದನ್ನು ಸೇರುವ ಜಾಗದಲ್ಲಿ. ಈ ಒಂದು ಮಾತು ತಿಳಿದರೆ ಅರ್ಧ ದುರಸ್ತಿ ಆದಂತೆಯೇ.

ಪರೀಕ್ಷೆಯು ಹೊರಗಿನಿಂದ ಒಳಗೆ ಸಾಗಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತೆಂಬುದು ತಿಳಿಯದು.

ದೀಪವೇ ಹೊತ್ತದಿದ್ದರೆ ಮೊದಲು ಅಡಾಪ್ಟರನ್ನು ನೋಡಬೇಕು. ಮಲ್ಟಿಮೀಟರನ್ನು ಡಿ.ಸಿ. ವೋಲ್ಟೇಜಿಗೆ ತಿರುಗಿಸಿ, ಕೆಂಪು ಮೊನೆಯನ್ನು ಪ್ಲಗ್ಗಿನ ಒಳಭಾಗಕ್ಕೂ ಕಪ್ಪು ಮೊನೆಯನ್ನು ಹೊರಭಾಗಕ್ಕೂ ತಾಗಿಸಬೇಕು. ೯ ವೋಲ್ಟ್ ಎಂದು ಬರೆದಿರುವ ಹಳೆಯ ಅಡಾಪ್ಟರ್ ಯಂತ್ರಕ್ಕೆ ಜೋಡಿಸದಿರುವಾಗ ೧೨ರಷ್ಟು ತೋರಿಸಿದರೆ ಗಾಬರಿಯಾಗಬೇಕಿಲ್ಲ. ಅಂಕಿಯ ಮುಂದೆ ಋಣಚಿಹ್ನೆ ಕಂಡರೆ ಪ್ಲಗ್ಗಿನ ಒಳಭಾಗ ಋಣಧ್ರುವವೆಂದು ಅರ್ಥ. ಪ್ಲಗ್ ಒಳಹೊಕ್ಕಿತೆಂಬ ಮಾತ್ರಕ್ಕೆ ಬೇರೊಂದು ಯಂತ್ರದ ಅಡಾಪ್ಟರನ್ನು ಹಾಕಬಾರದು. ಧ್ರುವ ತಿರುಗುಮುರುಗಾದರೆ ಒಳಗಿನ ಭಾಗಗಳು ಸುಟ್ಟುಹೋಗಬಹುದು.

ದೀಪ ಹೊತ್ತಿಯೂ ಟಿ.ವಿ.ಯಲ್ಲಿ ಏನೂ ಕಾಣದಿದ್ದರೆ ಟಿ.ವಿ.ಯ ಚಾನೆಲ್ಲನ್ನೂ ತಂತಿಯನ್ನೂ ನೋಡಬೇಕು. ಚಿತ್ರವು ಚೂರುಚೂರಾಗಿ ಕಂಡರೆ ಕ್ಯಾಸೆಟ್ಟಿನ ಪಟ್ಟಿಗಳಲ್ಲಿ ಕೊಳೆ ಸೇರಿರುವ ಸಂಭವವೇ ಹೆಚ್ಚು. ಕ್ಯಾಸೆಟ್ಟಿಗೆ ಬಾಯಿಂದ ಊದುವ ಅಭ್ಯಾಸ ಎಲ್ಲ ದೇಶದ ಮಕ್ಕಳಿಗೂ ಇತ್ತು. ಊದಿದ ಮೇಲೆ ಆಟ ನಡೆದರೆ ಅದು ಹೆಚ್ಚಾಗಿ ಕ್ಯಾಸೆಟ್ಟನ್ನು ತೆಗೆದು ಮತ್ತೆ ಕೂರಿಸಿದ್ದರ ಫಲ. ಉಸಿರಿನ ತೇವವಾದರೋ ಲೋಹಕ್ಕೆ ಕಿಲುಬು ತರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಪಟ್ಟಿಗಳನ್ನು ಮೆಲ್ಲನೆ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಹಾಕುವುದೇ ಸರಿಯಾದ ಕ್ರಮ. ಮರಳುಕಾಗದದಿಂದ ಉಜ್ಜಿದರೆ ಲೋಹದ ಲೇಪನವೇ ಹೋಗುತ್ತದೆ.

ಸಣ್ಣ ಜೋಡಣೆಯ ದೋಷವು ಎಷ್ಟು ದೊಡ್ಡದಾಗಿ ತೋರಬಲ್ಲುದೆಂಬುದಕ್ಕೆ ಅಮೆರಿಕದ ಒಂದು ನಿದರ್ಶನವಿದೆ. ೧೯೮೫ರಲ್ಲಿ ಅಲ್ಲಿ ಮಾರಾಟಕ್ಕೆ ಬಂದ ನಿಂಟೆಂಡೊ ಯಂತ್ರದಲ್ಲಿ ಕ್ಯಾಸೆಟ್ಟನ್ನು ಮುಂಭಾಗದಿಂದ ತೂರಿಸಿ ಕೆಳಗೆ ಒತ್ತಬೇಕಾಗಿತ್ತು. ಒಳಗಿನ ೭೨ ಲೋಹದ ಸೂಜಿಗಳು ಕಾಲಕ್ರಮದಲ್ಲಿ ಬಿಗುವು ಕಳೆದುಕೊಂಡವು. ಕ್ಯಾಸೆಟ್ ಅಸಲಿಯೇ ಎಂದು ಪರೀಕ್ಷಿಸುವ ಚಿಪ್ಪಿಗೆ ಸರಿಯಾದ ಸಂಕೇತ ಸಿಗದೆ, ಅದು ಯಂತ್ರವನ್ನು ಮತ್ತೆ ಮತ್ತೆ ಹೊಸದಾಗಿ ಆರಂಭಿಸುತ್ತಿತ್ತು. ಕೆಂಪು ದೀಪ ಮಿಣುಕುತ್ತಿತ್ತು. ಯಂತ್ರವೇ ಸತ್ತಿತೆಂದು ಜನ ತಿಳಿದರು. ಸತ್ತದ್ದು ಸೂಜಿಗಳ ಬಿಗುವು ಮಾತ್ರ. ೧೯೯೩ರಲ್ಲಿ ಬಂದ ಹೊಸ ಮಾದರಿಯಲ್ಲಿ ಕ್ಯಾಸೆಟ್ಟನ್ನು ಮೇಲಿನಿಂದ ಕೂರಿಸುವಂತೆ ಮಾಡಲಾಯಿತು; ಆ ಚಿಪ್ಪನ್ನೂ ಕೈಬಿಡಲಾಯಿತು.

ಹಿಡಿಕೆಯ ಗುಂಡಿಗಳು ಓಗೊಡದಿದ್ದರೆ ಅದರ ತಿರುಪುಗಳನ್ನು ಬಿಚ್ಚಿ, ಗುಂಡಿಗಳ ಕೆಳಗಿನ ಕಪ್ಪು ರಬ್ಬರ್ ಬಿಲ್ಲೆಗಳನ್ನೂ ಅವು ತಾಗುವ ಫಲಕವನ್ನೂ ಒರೆಸಿದರೆ ಅನೇಕ ಸಲ ಸರಿಹೋಗುತ್ತವೆ.

ಮನೆಯ ದುರಸ್ತಿಗೂ ಒಂದು ಎಲ್ಲೆಯುಂಟು. ಗೋಡೆಯ ವಿದ್ಯುತ್ತಿಗೆ ಸೇರುವ ಅಡಾಪ್ಟರಿನ ಒಡಲನ್ನು ಬಿಚ್ಚಲಾಗದು. ಹಳೆಯ ಗಾಜಿನ ಕೊಳವೆಯ ಟಿ.ವಿ.ಯನ್ನಂತೂ ಎಂದಿಗೂ ತೆರೆಯಬಾರದು; ಸ್ವಿಚ್ ಆರಿಸಿದ ಮೇಲೂ ಅದರೊಳಗೆ ಪ್ರಾಣಾಪಾಯದ ವಿದ್ಯುತ್ತು ಉಳಿದಿರುತ್ತದೆ. ಹೊಸ ಕಾಲದ ಯಂತ್ರಗಳಲ್ಲಿ ದೋಷವು ಚಿಪ್ಪಿನ ಸೂಕ್ಷ್ಮ ಬೆಸುಗೆಗಳಲ್ಲಿಯೇ ಅಡಗಿರಬಹುದು. ಮೈಕ್ರೋಸಾಫ್ಟ್ ೨೦೦೫ರಲ್ಲಿ ಹೊರತಂದ ಎಕ್ಸ್‌ಬಾಕ್ಸ್ ೩೬೦ ಯಂತ್ರಗಳಲ್ಲಿ ಮೂರು ಕೆಂಪು ದೀಪಗಳು ಬೆಳಗಿ ಆಟ ನಿಂತುಹೋಗುತ್ತಿತ್ತು. ಆ ಸಂಸ್ಥೆಯು ೨೦೦೭ರಲ್ಲಿ ಈ ದೋಷಕ್ಕೆ ಮೂರು ವರ್ಷಗಳ ಖಾತರಿ ನೀಡಿ, ನೂರು ಕೋಟಿ ಡಾಲರಿಗೂ ಮಿಗಿಲಾದ ಹೊರೆಯನ್ನು ಹೊತ್ತಿತು. ಅಂಥ ಯಂತ್ರವನ್ನು ಟವೆಲ್ಲಿನಲ್ಲಿ ಸುತ್ತಿ ಬಿಸಿಮಾಡಿದರೆ ಸರಿಯಾಗುವುದೆಂದು ನಂಬಿದವರಿದ್ದರು. ಅದು ಬೆಂಕಿಗೆ ದಾರಿ ಮಾಡುವ ಮೂಢ ಉಪಾಯ.

ಇನ್ನು ನಮ್ಮ ಯಂತ್ರದ ವಿಷಯ. ಮೀಟರಿನಲ್ಲಿ ಸೊನ್ನೆ ಕಂಡಿತು. ಮಗನು ತಂತಿಯನ್ನು ಅಂಗುಲ ಅಂಗುಲವಾಗಿ ಬಾಗಿಸುತ್ತ ಹೋದಂತೆ, ಪ್ಲಗ್ಗಿನ ಬುಡದ ಬಳಿ ಅಂಕಿಗಳು ಕ್ಷಣಕಾಲ ಮೂಡಿ ಮರೆಯಾದವು. ತಂತಿ ಒಳಗೇ ತುಂಡಾಗಿತ್ತು. ಆಟ ಮುಗಿದ ಮೇಲೆ ದಿನವೂ ಆ ತಂತಿಯನ್ನು ಅಡಾಪ್ಟರಿಗೆ ಬಿಗಿಯಾಗಿ ಸುತ್ತಿ, ಪ್ಲಗ್ಗನ್ನು ಮಡಿಚಿ ಸಿಕ್ಕಿಸಿ ಕಪಾಟಿನಲ್ಲಿಡುತ್ತಿದ್ದವರು ಮಕ್ಕಳಲ್ಲ, ನಾವೇ.

ಅದೇ ವೋಲ್ಟೇಜು, ಅದೇ ಧ್ರುವದ ಹೊಸ ಅಡಾಪ್ಟರನ್ನು ತಂದು ಜೋಡಿಸಿದೆವು. ದೀಪ ಹೊತ್ತಿತು. ಕ್ಯಾಸೆಟ್ಟನ್ನು ಒರೆಸಿ ಹಾಕಿದಾಗ ಚಿತ್ರವೂ ಮೂಡಿತು. ಅಂದು ಗದರಿದ್ದು ನಮ್ಮ ತಪ್ಪೆಂದು ಮಗನಿಗೆ ಹೇಳಿದೆವು. ‘ಅದನ್ನೆಲ್ಲ ಮರೆತೇಬಿಟ್ಟಿದ್ದೆ’ ಎಂದು ಅವನು ನಕ್ಕನು. ಆದರೆ ಆಟ ನಿಂತ ದಿನ ತಾನು ಯಾವ ಘಟ್ಟವನ್ನು ತಲುಪಿದ್ದೆನೆಂಬುದನ್ನು ಮಗಳಿಗೆ ತೋರಿಸುತ್ತಿದ್ದಾಗ, ಅವನು ಏನನ್ನೂ ಮರೆತಿರಲಿಲ್ಲವೆಂಬುದು ನಮಗೆ ತಿಳಿಯಿತು.

ಮನೆಯಲ್ಲಿ ಏನಾದರೂ ಕೆಟ್ಟಾಗ ಮೊದಲು ತಂತಿಯನ್ನು ನೋಡೋಣ. ಮಕ್ಕಳನ್ನು ಕೇಳುವುದು ಆಮೇಲೆ ಇರಲಿ.