ಸಮೋಸದೊಳಗೆ ಆಲೂಗಡ್ಡೆ ಬಂದದ್ದು ಯಾವಾಗ?

ಕಾಲೇಜು ಕ್ಯಾಂಟೀನಿನಲ್ಲಿ ಸಮೋಸ ಮುರಿದಾಗ ಒಳಗೆ ಆಲೂಗಡ್ಡೆ ಕಾಣದಿದ್ದರೆ ನೀವು ಜಗಳಕ್ಕೇ ನಿಲ್ಲುತ್ತೀರಿ. ಆದರೆ ಈ ತಿಂಡಿಯ ದೀರ್ಘ ಚರಿತ್ರೆಯಲ್ಲಿ ಆಲೂಗಡ್ಡೆ ತೀರ ಈಚಿನ ಅತಿಥಿ.

ಸಮೋಸ ಎಂಬ ಹೆಸರು ಪರ್ಷಿಯನ್ ಮೂಲದ್ದು. 14ನೆಯ ಶತಮಾನದಲ್ಲಿ ಮಹಮದ್ ಬಿನ್ ತುಘಲಕನ ದೆಹಲಿಯಲ್ಲಿದ್ದ ಮೊರಾಕ್ಕೊ ಪ್ರವಾಸಿ ಇಬ್ನ್ ಬತೂತ ಇದನ್ನು ವರ್ಣಿಸಿದ್ದಾನೆ: ಕೊಚ್ಚಿದ ಮಾಂಸ, ಬಾದಾಮಿ, ಪಿಸ್ತಾ, ಈರುಳ್ಳಿ, ಮಸಾಲೆ, ಇವನ್ನೆಲ್ಲ ತೆಳ್ಳನೆಯ ಹಾಳೆಯಲ್ಲಿ ಸುತ್ತಿ ತುಪ್ಪದಲ್ಲಿ ಕರಿದದ್ದು. ಆಲೂಗಡ್ಡೆ ಇಲ್ಲ, ಹಸಿಮೆಣಸಿನಕಾಯಿಯೂ ಇಲ್ಲ. ಇರುವುದಾದರೂ ಹೇಗೆ? ಎರಡೂ ಅಮೆರಿಕ ಖಂಡದ ಬೆಳೆಗಳು. 1492ರಲ್ಲಿ ಕೊಲಂಬಸ್ ಅತ್ತ ಹೋದ ನಂತರವಷ್ಟೇ ಅವು ಉಳಿದ ಜಗತ್ತಿಗೆ ಹರಡಿದವು. ನಮ್ಮಲ್ಲಿ ಆಲೂಗಡ್ಡೆಯ ಬೇಸಾಯ ಬಲಗೊಂಡದ್ದು ಬ್ರಿಟಿಷರ ಕಾಲದಲ್ಲಿ. ಅರಮನೆಯ ತಿಂಡಿ ಬೀದಿಗಿಳಿಯಲು ಈ ಅಗ್ಗದ ಗೆಡ್ಡೆಯೇ ಮುಖ್ಯ ಕಾರಣವೆಂದು ನನ್ನ ಎಣಿಕೆ.

ಹೂರಣ ಬದಲಾದಂತೆ ಹೊದಿಕೆಯೂ ಊರಿಂದೂರಿಗೆ ಬದಲಾಯಿತು. ಉಜ್ಬೆಕಿಸ್ತಾನದ 'ಸಮ್ಸ'ವನ್ನು ಕರಿಯುವುದಿಲ್ಲ. ತಂದೂರಿನ ಒಳಗೋಡೆಗೆ ಅಂಟಿಸಿ ಸುಡುತ್ತಾರೆ. ಹೈದರಾಬಾದಿನ 'ಲುಖ್ಮಿ' ಚೌಕಾಕಾರದ್ದು, ಒಳಗೆ ಖೀಮಾ. ಬಂಗಾಳದ 'ಶಿಂಗಾರ'ದಲ್ಲಿ ಚಳಿಗಾಲ ಬಂತೆಂದರೆ ಹೂಕೋಸು.

ನಮ್ಮ ಬೇಕರಿಗಳ ಈರುಳ್ಳಿ ಸಮೋಸವನ್ನೇ ನೋಡಿ. ಈರುಳ್ಳಿ ಉಪ್ಪು ತಾಗಿದೊಡನೆ ನೀರು ಬಿಡುತ್ತದೆ. ಅದಕ್ಕೇ ಹಲವರು ಹೂರಣಕ್ಕೆ ಅವಲಕ್ಕಿ ಬೆರೆಸುತ್ತಾರೆ. ಅದು ನೀರನ್ನು ಹೀರಿಕೊಳ್ಳುತ್ತದೆ. ಹಾಳೆಯನ್ನು ಮೊದಲೇ ಕಾವಲಿಯ ಮೇಲೆ ಅರೆಬೇಯಿಸಿಕೊಂಡಿರುವುದರಿಂದ ಎಣ್ಣೆಯಲ್ಲಿ ಬೇಗನೆ ಗರಿಯಾಗುತ್ತದೆ.

ಆಲೂಗಡ್ಡೆ ಸಮೋಸದ ಕಣಕ ದಪ್ಪ. ಮೈದಾಕ್ಕೆ ನೀರು ಹಾಕುವ ಮೊದಲೇ ತುಪ್ಪವನ್ನೋ ಎಣ್ಣೆಯನ್ನೋ ಚೆನ್ನಾಗಿ ಉಜ್ಜುತ್ತಾರೆ. ಜಿಡ್ಡು ಹಿಟ್ಟಿನ ಕಣಗಳನ್ನು ಆವರಿಸಿ, ಅದರಲ್ಲಿರುವ ಪ್ರೋಟೀನು ನೀರಿನೊಡನೆ ಸೇರಿ ಗ್ಲುಟೆನ್ ಎಂಬ ಜಿಗುಟು ಜಾಲವಾಗುವುದನ್ನು ತಡೆಯುತ್ತದೆ. ಕರಿಗಡುಬು ಮಾಡುವ ಅಜ್ಜಿಯರಿಗೆ ಇದು ಹೆಸರಿಲ್ಲದೆಯೇ ಗೊತ್ತಿತ್ತೆನ್ನಿ. ಎಣ್ಣೆ ಅತಿಯಾಗಿ ಕಾದಿದ್ದರೆ ಕಣಕದ ನೀರು ತಟ್ಟನೆ ಹಬೆಯಾಗಿ ಮೈತುಂಬ ಗುಳ್ಳೆ ಏಳುತ್ತದೆ, ಒಳಪದರ ಹಸಿಯಾಗಿಯೇ ಉಳಿಯುತ್ತದೆ. ಹದವಾದ ಉರಿಯಲ್ಲಿ ನಿಧಾನವಾಗಿ ಕರಿದರೆ ನೀರು ಸ್ವಲ್ಪಸ್ವಲ್ಪವಾಗಿ ಹೊರಹೋಗಿ ಹೊದಿಕೆ ಉದ್ದಕ್ಕೂ ಗರಿಯಾಗುತ್ತದೆ.

ಬಿಸಿ ಸಮೋಸವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು ಮನೆಗೆ ಒಯ್ಯಬೇಡಿ. ಹೊರಬಂದ ಹಬೆ ಅಲ್ಲೇ ತಣಿದು ನೀರಾಗಿ ಮತ್ತೆ ಹೊದಿಕೆಗೇ ಸೇರುತ್ತದೆ. ಕಾಗದದ ಪೊಟ್ಟಣ, ಅದೂ ಬಾಯಿ ತೆರೆದದ್ದು, ಮೇಲು.