ಸ್ಕ್ರೂ ತಿರುಗಿಸುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆಯಿರಿ

ಹಳೆಯ ಗಾಡಿಯ ಹಣೆಬರಹ ತಿಳಿಯಬೇಕಾದರೆ ಊರ್ಡಿಗೆರೆ ಕಡೆಯಿಂದ ದೇವರಾಯನದುರ್ಗದ ಏರಿಗೆ ಬಿಡಬೇಕು. ಬಯಲಲ್ಲಿ ಚೆನ್ನಾಗಿಯೇ ಓಡಿದ ಯೆಜ್ಡಿಯೋ, ಆರ್‌ಎಕ್ಸ್ 100ಓ ಭೋಗ ನರಸಿಂಹನ ಗುಡಿ ಕಾಣುವ ಮೊದಲೇ ಮಿಸ್ಸಿಂಗ್ ಹೊಡೆಯತೊಡಗುತ್ತದೆ. ಹಿಂದೆ ಕೂತವರು ಇಳಿದು ನಡೆಯುತ್ತಾರೆ. ಮರುದಿನ ಗ್ಯಾರೇಜಿನ ಮುಂದೆ ಕೇಳುವ ಮಾತು ಒಂದೇ: ‘ಅಣ್ಣಾ, ಕಾರ್ಬುರೇಟರ್ ಒಂಚೂರು ಟ್ಯೂನ್ ಮಾಡ್ಕೊಡಣ್ಣ.’ ರೋಗ ಯಾವುದೆಂದು ನೋಡುವ ಮೊದಲೇ ಔಷಧಿ ಬರೆದಾಯಿತು!

ಕಾರ್ಬುರೇಟರ್ ಮೇಲೆ ಬರುವ ದೂರುಗಳಲ್ಲಿ ಬಹಳಷ್ಟು ಅದರ ತಪ್ಪಲ್ಲ. ಏರಿನಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿದಾಗ ಎಂಜಿನ್ ಹೆಚ್ಚು ಪೆಟ್ರೋಲ್ ಬೇಡುತ್ತದೆ. ಟ್ಯಾಂಕಿನಿಂದ ಅದು ಇಳಿದು ಬರುವ ದಾರಿಯಲ್ಲಿ ಎಲ್ಲಿ ಕಟ್ಟಿಕೊಂಡಿದ್ದರೂ ಆಗಲೇ ಬಯಲಾಗುವುದು. ದುರ್ಗ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಗಾಳಿ ತೆಳು, ಅದಕ್ಕೇ ಹೀಗೆ ಎನ್ನುವವರಿದ್ದಾರೆ. ತುಮಕೂರಿಗೂ ದುರ್ಗಕ್ಕೂ ಇರುವ ವ್ಯತ್ಯಾಸಕ್ಕೆ ಜೆಟ್ ಬದಲಿಸಬೇಕಾಗಿಲ್ಲ. ಅದು ಲಡಾಖಿಗೆ ಹೊರಟವರ ತಲೆನೋವು.

ಮೊದಲು ಟ್ಯಾಂಕಿನ ಮುಚ್ಚಳ. ಅದರಲ್ಲೊಂದು ಸಣ್ಣ ಗಾಳಿಕಿಂಡಿ ಇರುತ್ತದೆ. ಧೂಳು, ತುಕ್ಕು ಕೂತು ಅದು ಮುಚ್ಚಿಹೋದರೆ ಪೆಟ್ರೋಲ್ ಇಳಿದಂತೆ ಟ್ಯಾಂಕಿನೊಳಗೆ ನಿರ್ವಾತ ಹುಟ್ಟಿ, ಕೊನೆಗೆ ಪೆಟ್ರೋಲ್ ಇಳಿಯುವುದೇ ನಿಲ್ಲುತ್ತದೆ. ಗಾಡಿ ಒಂದಷ್ಟು ದೂರ ಓಡಿ ಆಫ್ ಆಗುತ್ತದೆ, ಹತ್ತು ನಿಮಿಷ ಬಿಟ್ಟರೆ ತಾನಾಗಿಯೇ ಸ್ಟಾರ್ಟ್ ಆಗುತ್ತದೆ. ನಿಂತ ಕೂಡಲೇ ಮುಚ್ಚಳ ತೆಗೆಯಿರಿ. ‘ಉಸ್’ ಎಂದು ಗಾಳಿ ಒಳಗೆ ನುಗ್ಗಿ ಗಾಡಿ ಹೊರಟರೆ ರೋಗ ಸಿಕ್ಕಿತು. ಇದಕ್ಕೆ ಕಾರ್ಬುರೇಟರ್ ಬಿಚ್ಚಿ ತೊಳೆದು ದುಡ್ಡು ತೆಗೆದುಕೊಂಡವರನ್ನು, ಕೊಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಆಮೇಲೆ ಪೆಟ್ರೋಲ್ ಪೈಪ್ ಕಳಚಿ, ಒಂದು ಗಾಜಿನ ಬಾಟಲಿ ಹಿಡಿದು ಕಾಕ್ ತೆರೆಯಬೇಕು. ಧಾರೆಯಾಗಿ ಬಿದ್ದರೆ ಸರಿ, ತೊಟ್ಟಿಕ್ಕಿದರೆ ಕಾಕ್‌ನ ಜಾಲರಿಯಲ್ಲಿ ಕಸವಿದೆ. ಫ್ಲೋಟ್ ಬಟ್ಟಲಿನ ಅಡಿಯ ಸ್ಕ್ರೂ ಸಡಿಲಿಸಿ ಅದರಲ್ಲಿರುವುದನ್ನೂ ಬಾಟಲಿಗೆ ಬಸಿದುಕೊಳ್ಳಿ. ತಳದಲ್ಲಿ ನೀರಿನ ಪದರ ನಿಂತರೆ, ಕಂದು ಪುಡಿ ಕಂಡರೆ, ಕೆಲಸ ಟ್ಯಾಂಕಿನಿಂದಲೇ ಶುರುವಾಗಬೇಕು. ಇಷ್ಟಕ್ಕೆಲ್ಲ ಬೀಡಿ ಹಚ್ಚಿದವರನ್ನು ದೂರ ನಿಲ್ಲಿಸಬೇಕೆಂದು ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ.

ಪ್ಲಗ್ ಬಿಚ್ಚಿದರೆ ಅದೇ ಅರ್ಧ ವರದಿ ಕೊಡುತ್ತದೆ. ತುದಿ ಕಾಫಿಪುಡಿ ಬಣ್ಣದಲ್ಲಿದ್ದರೆ ಮಿಶ್ರಣ ಸರಿಯಿದೆ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲ್ ಹೆಚ್ಚು: ಏರ್ ಫಿಲ್ಟರ್ ಕಟ್ಟಿದೆ, ಚೋಕ್ ಪೂರ್ತಿ ಮುಚ್ಚುತ್ತಿಲ್ಲ, ಇಲ್ಲವೇ ಫ್ಲೋಟ್ ಪಿನ್ ಸವೆದು ಓವರ್‌ಫ್ಲೋ ಆಗುತ್ತಿದೆ. ಬೆಳ್ಳಗೆ ಸುಟ್ಟಂತಿದ್ದರೆ ಗಾಳಿ ಹೆಚ್ಚು. ಆಗ ಕಾರ್ಬುರೇಟರಿಗೂ ಎಂಜಿನ್‌ಗೂ ನಡುವಿನ ರಬ್ಬರನ್ನು ಅನುಮಾನಿಸಿ. ಅದರಲ್ಲಿ ಕೂದಲೆಳೆಯ ಬಿರುಕಿದ್ದರೂ ಐಡ್ಲಿಂಗ್ ಏರಿಳಿಯುತ್ತದೆ. ಬಿರುಕಿನ ಮೇಲೆ ಗ್ರೀಸ್ ಮೆತ್ತಿದಾಗ ಎಂಜಿನ್ ಸದ್ದು ಸಮವಾದರೆ ರಬ್ಬರ್ ಬದಲಿಸಿ, ಸ್ಕ್ರೂ ಮುಟ್ಟಬೇಡಿ.

ಇಷ್ಟಾದರೂ ಮಿಸ್ಸಿಂಗ್ ನಿಲ್ಲದಿದ್ದರೆ ಈಗ ಕಾರ್ಬುರೇಟರಿನ ಸರದಿ. ಬಿಚ್ಚುವ ಮೊದಲು ಇನ್ನೊಂದು ಪ್ರಶ್ನೆ: ತೊಂದರೆ ಯಾವ ವೇಗದಲ್ಲಿ ಅಲ್ಲ, ಥ್ರಾಟಲ್ ಎಷ್ಟು ತಿರುಗಿದಾಗ? ಹಿಡಿಕೆಗೆ ಟೇಪ್ ಅಂಟಿಸಿ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಎಳೆದು ಓಡಿಸಿದರೆ ಗೊತ್ತಾಗುತ್ತದೆ. ಸ್ಲೈಡ್ ಇರುವ ಹಳೆಯ ಕಾರ್ಬುರೇಟರುಗಳಲ್ಲಿ ಐಡ್ಲಿಂಗ್ ಮತ್ತು ಶುರುವಿನ ತಿರುವು ಪೈಲಟ್ ಜೆಟ್, ಏರ್ ಸ್ಕ್ರೂಗಳದ್ದು. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿಯದು. ಅಲ್ಲಿಂದ ಮೇಲೆ ಮೇನ್ ಜೆಟ್ಟಿನದು. ದುರ್ಗದ ಏರಿನಲ್ಲಿ ಪೂರ್ತಿ ತಿರುಗಿಸಿದಾಗ ಬರುವ ತೊಂದರೆಗೆ ಏರ್ ಸ್ಕ್ರೂ ತಿರುಗಿಸುತ್ತ ಕೂತರೆ ಸಂಜೆಯಾಗುತ್ತದೆ, ಅಷ್ಟೆ. ಆ ಸ್ಕ್ರೂನಲ್ಲೂ ಎರಡು ಜಾತಿ. ಏರ್ ಫಿಲ್ಟರ್ ಕಡೆ ಇದ್ದರೆ ಬಿಗಿ ಮಾಡಿದಷ್ಟೂ ಗಾಳಿ ಕಡಿಮೆಯಾಗಿ ಪೆಟ್ರೋಲಿನ ಪಾಲು ಹೆಚ್ಚುತ್ತದೆ. ಎಂಜಿನ್ ಕಡೆ ಇದ್ದರೆ ತದ್ವಿರುದ್ಧ. ಮುಟ್ಟುವುದಾದರೆ ಮೊದಲು ಎಷ್ಟು ಸುತ್ತು ಹೊರಗಿದೆ ಎಂದು ಬರೆದಿಟ್ಟುಕೊಳ್ಳಿ.

ಜೆಟ್ ತೊಳೆಯುವಾಗ ಮಾಡುವ ಅನಾಹುತವೇ ದೊಡ್ಡದು. ಜೆಟ್ ಹಿತ್ತಾಳೆಯದು, ತೂತು ಕೂದಲಿನಷ್ಟು. ಬ್ರೇಕ್ ಕೇಬಲ್ಲಿನ ಉಕ್ಕಿನ ಎಳೆ ತೂರಿಸಿ ಉಜ್ಜಿದರೆ ತೂತು ಅಗಲವಾಗುತ್ತದೆ. ಆಮೇಲೆ ಅದರ ಮೇಲೆ ಕೊರೆದ ಅಂಕಿಗೆ ಅರ್ಥವಿಲ್ಲ, ಮೈಲೇಜ್ ಕೂಡ ಬರುವುದಿಲ್ಲ. ಕ್ಲೀನರ್ ಸ್ಪ್ರೇ ಹೊಡೆದು ನೆನೆಯಲು ಬಿಟ್ಟು, ಪಂಕ್ಚರ್ ಅಂಗಡಿಯ ಗಾಳಿ ಬಿಟ್ಟರೆ ಸಾಕು. ಗಾಳಿ ಹೊಡೆಯುವಾಗ ಫ್ಲೋಟ್ ತೆಗೆದಿಟ್ಟಿರಬೇಕು. ಹಿತ್ತಾಳೆ ಫ್ಲೋಟ್ ಆದರೆ ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೇಲುವುದಿಲ್ಲ, ಗಾಡಿ ನಿಂತಲ್ಲೇ ಸುರಿಯುತ್ತದೆ. ಬಿಸಿನೀರಿಗೆ ಹಾಕಿದರೆ ಗುಳ್ಳೆ ಏಳುವ ಕಡೆ ತೂತು.

ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ 1961ರಲ್ಲಿ ಗಾಡಿ ಹೊರತರಲು ಆರಂಭಿಸಿ 1996ರಲ್ಲಿ ಬಾಗಿಲು ಹಾಕಿತು. 1985ರಲ್ಲಿ ಬಂದ ಆರ್‌ಎಕ್ಸ್ 100 ಕೂಡ ನಿಂತದ್ದು ಅದೇ 1996ರಲ್ಲಿ. ಈ ಗಾಡಿಗಳ ಕಾರ್ಬುರೇಟರನ್ನು ಹೊಂದಿಸಿದ ಕಾಲದ ಪೆಟ್ರೋಲ್ ಬೇರೆ, ಈಗಿನದು ಬೇರೆ. ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ನಮ್ಮ ಬೆಂಗಳೂರಿನಲ್ಲೇ. ಈಗ ಬಂಕಿನಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಒಂದು ತೂಕ ಶುದ್ಧ ಪೆಟ್ರೋಲ್ ಉರಿಯಲು ಸುಮಾರು 14.7 ಪಾಲು ಗಾಳಿ ಬೇಕಾದರೆ ಎಥೆನಾಲಿಗೆ 9 ಪಾಲು ಸಾಕು. ಅಂದರೆ ಅದೇ ಜೆಟ್ಟಿನಲ್ಲಿ ಮಿಶ್ರಣ ತೆಳುವಾಗುತ್ತದೆ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲಿನ ಇಂಜೆಕ್ಷನ್ ಗಾಡಿಗಳು ಸೆನ್ಸರ್ ನೋಡಿ ಪೆಟ್ರೋಲ್ ಹೆಚ್ಚಿಸಿಕೊಳ್ಳುತ್ತವೆ. ಕಾರ್ಬುರೇಟರಿಗೆ ಆ ಬುದ್ಧಿಯಿಲ್ಲ. ಪ್ಲಗ್ ಬೆಳ್ಳಗಾಗುತ್ತಿದ್ದರೆ ಸೂಜಿಯ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿ. ಸೂಜಿ ಮೇಲೆದ್ದು ಪೆಟ್ರೋಲ್ ಚೂರು ಹೆಚ್ಚು ಹೋಗುತ್ತದೆ. ಟೂ-ಸ್ಟ್ರೋಕ್ ಗಾಡಿಯಲ್ಲಿ ಇದನ್ನು ಕಡೆಗಣಿಸಿದರೆ ಪಿಸ್ಟನ್ ಸೀಜ್ ಆದೀತು.

ಎಥೆನಾಲ್ ಗಾಳಿಯ ತೇವವನ್ನೂ ಹೀರುತ್ತದೆ, ಹಳೆಯ ರಬ್ಬರನ್ನೂ ಉಬ್ಬಿಸುತ್ತದೆ. ಪೈಪ್, ವಾಷರ್, ಫ್ಲೋಟ್ ಪಿನ್ನಿನ ರಬ್ಬರ್ ತುದಿಯನ್ನು ಆಗಾಗ ನೋಡುತ್ತಿರಬೇಕು. ವಾರಗಟ್ಟಲೆ ಗಾಡಿ ತೆಗೆಯದವರು ನಿಲ್ಲಿಸುವ ದಿನ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೆ ಓಡಲು ಬಿಡಲಿ. ಬಟ್ಟಲು ಹೆಚ್ಚುಕಡಿಮೆ ಬರಿದಾಗುತ್ತದೆ, ಪೈಲಟ್ ಜೆಟ್ಟಿನಲ್ಲಿ ಅಂಟು ಕಟ್ಟುವುದು ಕಡಿಮೆಯಾಗುತ್ತದೆ.